ಹೊಗೆ ನುಂಗಲು ನಾವೇನು ನಂಜುಂಡರೇ?

ಕಳೆದ ಬೇಸಿಗೆಯ ಒಂದು ರಾತ್ರಿ ಎರಡೂವರೆ ಗಂಟೆಗೆ ನಂಜನಗೂಡಿನ ನಮ್ಮ ಬಾಡಿಗೆ ಕಟ್ಟಡಕ್ಕೆ ಬೆಂಕಿ ಬಿತ್ತು. ಆರು ಮನೆಗಳಿಂದ ಒಟ್ಟು ಒಂಬತ್ತು ಫೋನ್ ಹೋದವು. ಒಂಬತ್ತೂ ಓನರಿಗೆ. ಓನರು ಮೈಸೂರಿನಲ್ಲಿ ಮಲಗಿದ್ದವರು ಎದ್ದು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಅವನು ಬೆಳಿಗ್ಗೆ ಬರ್ತೀನಿ ಅಂದ. ಅಲ್ಲಿಗೆ ನಮ್ಮ ಕಟ್ಟಡದ ಅಗ್ನಿಶಾಮಕ ಕಾರ್ಯಾಚರಣೆಯ ಮೊದಲ ಹಂತ ಯಶಸ್ವಿಯಾಗಿ ಮುಗಿಯಿತು.

ಬೆಂಕಿ ಹುಟ್ಟಿದ್ದು ಮೆಟ್ಟಿಲ ಕೆಳಗೆ. ಈ ಮೆಟ್ಟಿಲ ಕೆಳಗಿನ ಜಾಗದ ಮಹಿಮೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಚೆಸ್ಕಾಂನ ಆರು ಮೀಟರು, ನೀರಿನ ಮೋಟರಿನ ಸ್ಟಾರ್ಟರು, ಎರಡು ಸ್ಕೂಟರು, ಚಕ್ರವಿಲ್ಲದ ಒಂದು ಮಕ್ಕಳ ಸೈಕಲ್ಲು, ಮಾರಲು ಕಟ್ಟಿಟ್ಟ ಹಳೇ ಪೇಪರು, ಹಿಂದಿನ ವರ್ಷದ ಗಣೇಶನ ಥರ್ಮೋಕೋಲ್ ಮಂಟಪ, ಇವೆಲ್ಲದರ ನಡುವೆ ಆರು ಸಂಸಾರದ ಚಪ್ಪಲಿ ಸ್ಟ್ಯಾಂಡು. ಸ್ಕೂಟರಿನಲ್ಲಿ ಒಂದು ಕರೆಂಟಿನದು. ಅದರ ಯಜಮಾನರು ಮೊದಲ ಮಹಡಿಯ ಕಿಟಕಿಯಿಂದ ವೈರು ಇಳಿಬಿಟ್ಟು, ಎಕ್ಸ್‌ಟೆನ್ಷನ್ ಬಾಕ್ಸನ್ನು ಪೇಪರ್ ಕಟ್ಟಿನ ಮೇಲೆ ಕೂರಿಸಿದ್ದರು. ಫ್ಯೂಸು ಪದೇ ಪದೇ ಹೋಗುತ್ತದೆ ಅಂತ ಎಲ್ಲರೂ ಸೇರಿ ದಪ್ಪ ತಂತಿ ಸುತ್ತಿಸಿದ್ದೆವು. ಕಷ್ಟ ಬಂದಾಗ ತಾನು ಸತ್ತು ಮನೆ ಉಳಿಸುವುದೇ ಫ್ಯೂಸಿನ ಉದ್ಯೋಗ. ಅದಕ್ಕೆ ನಾವೇ ಸ್ವಯಂನಿವೃತ್ತಿ ಕೊಟ್ಟಿದ್ದೆವು. ಇಂಥ ಜಾಗದ ಪಕ್ಕದಲ್ಲೇ, ಮೂರಡಿ ಅಗಲದಲ್ಲಿ, ಆರೂ ಮನೆಯವರು ಹೊರಗೆ ಹೋಗುವ ಏಕೈಕ ದಾರಿ.

ಚಪ್ಪಲಿಗೆ ಬೆಂಕಿ ಹತ್ತಿಕೊಂಡಾಗ ಬರುವ ಹೊಗೆಯನ್ನು ಒಮ್ಮೆಯಾದರೂ ಕುಡಿದವರಿಗೆ ನಮ್ಮೂರಿನ ದೇವರ ಹೆಸರಿನ ಅರ್ಥ ಗೊತ್ತಾಗುತ್ತದೆ. ನಂಜನ್ನು ಉಂಡವನು ನಂಜುಂಡ. ಅವನಿಗೆ ಗಂಟಲಲ್ಲಿ ತಡೆದುಕೊಳ್ಳುವ ವಿದ್ಯೆ ಇತ್ತು, ನನಗಿರಲಿಲ್ಲ. ಏನಾಗಿದೆ ನೋಡೋಣ ಅಂತ ಬಾಗಿಲು ತೆಗೆದೆ. ಹೊಗೆ ಬಾಗಿಲಲ್ಲೇ ಕಾಯುತ್ತಿದ್ದ ನೆಂಟನ ಹಾಗೆ ಒಳಗೆ ನುಗ್ಗಿತು. ಎರಡು ಉಸಿರಿಗೆ ಕಣ್ಣು ಕತ್ತಲಿಟ್ಟಿತು. ಬೆಂಕಿ ಬಿದ್ದ ಕಟ್ಟಡದಲ್ಲಿ ಹೆಚ್ಚಿನವರು ಸಾಯುವುದು ಸುಟ್ಟು ಅಲ್ಲ, ಹೊಗೆ ಕುಡಿದು. ಈ ವಿಷಯ ನಾನು ಎಷ್ಟೋ ಸಲ ಓದಿದ್ದೆ. ಓದಿದ್ದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ, ಚಪ್ಪಲಿ ಹೋಯಿತಲ್ಲ ಅನ್ನುವುದು ಬಂತು.

ಪಕ್ಕದ ಮನೆಯವರು ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಾಲ್ಕನಿಗೆ ಬಂದರು. ಎದುರು ಮನೆಯಾಕೆ ಒಡವೆ ಡಬ್ಬಿ ಹುಡುಕುತ್ತಿದ್ದರು. ಆಕೆಯ ಯಜಮಾನರು ಎಲ್‌ಐಸಿ ಬಾಂಡು ಹುಡುಕುತ್ತಿದ್ದರು, ಬಹುಶಃ ಅದು ಬೇಗ ಉಪಯೋಗಕ್ಕೆ ಬರುತ್ತದೆ ಅನ್ನುವ ಅಂದಾಜಿನಲ್ಲಿ. ಕೆಳಗೆ ಇಳಿಯುವಂತಿಲ್ಲ, ಮೇಲಕ್ಕಾದರೂ ಹೋಗೋಣ ಅಂದರೆ ತಾರಸಿಗೆ ಬೀಗ. ಎರಡು ವರ್ಷದ ಹಿಂದೆ ಯಾರೋ ಒಣಹಾಕಿದ ಸಂಡಿಗೆಯನ್ನು ಇನ್ಯಾರೋ ಕರಿದುಕೊಂಡು ತಿಂದರು ಎಂಬ ಜಗಳವಾಗಿ ಓನರು ಬೀಗ ಜಡಿದು ಕೀಲಿಯನ್ನು ಮೈಸೂರಿಗೆ ತೆಗೆದುಕೊಂಡು ಹೋಗಿದ್ದರು. ಕಿಟಕಿಯಿಂದ ಇಳಿಯೋಣವೆಂದರೆ ಗ್ರಿಲ್ಲು. ಕಳ್ಳ ಒಳಗೆ ಬರಬಾರದೆಂದು ನಾವೇ ಕೇಳಿ ಹಾಕಿಸಿಕೊಂಡದ್ದು. ಕಳ್ಳ ಹೊರಗೆ ಆರಾಮಾಗಿದ್ದ, ನಾವು ಒಳಗಿದ್ದೆವು.

ಗ್ರಿಲ್ಲಿನ ವಿಷಯ ನಗುವುದಕ್ಕಲ್ಲ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿಗೆ ಬೆಂಕಿ ಬಿದ್ದಾಗ ಬಾಲ್ಕನಿಯ ಗ್ರಿಲ್ ಹಿಂದೆ ಸಿಕ್ಕಿಬಿದ್ದ ಮಹಿಳೆಯನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ನೋಡಿ, ಮುಂದಿನ ವಿಡಿಯೊಗೆ ಹೋಯಿತು. ಹಿಂದೆ ಉರಿಯೋ ಮನೇಲಿ ಗಳ ಹಿರಿಯೋರು ಅಂತ ಬೈಯುತ್ತಿದ್ದರು. ಈಗ ಆರ್‌ಸಿಸಿ ಮನೆ, ಹಿರಿಯಲು ಗಳ ಎಲ್ಲಿದೆ? ಜೇಬಿನಿಂದ ಮೊಬೈಲು ಹಿರಿಯುತ್ತಾರೆ. ನಮ್ಮ ಬೀದಿಯಲ್ಲೂ ಹನ್ನೊಂದು ಜನ ಹಿರಿದು ನಿಂತಿದ್ದರು.

ನಮ್ಮನ್ನು ಉಳಿಸಿದ್ದು ನೆಲಮಹಡಿಯ ಹಿಂದಿನ ರೂಮಿನ ಹುಡುಗ. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಬೀದಿಯಲ್ಲಿ ನಿಂತು ಕೂಗಿದ: ‘ಬಾಗ್ಲು ಹಾಕ್ಕಳಿ ಸಾ! ಯಾರೂ ಇಳೀಬ್ಯಾಡಿ! ಬಾಗ್ಲು ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ತಾವ ಕೂತ್ಕಳಿ!’ ಆಮೇಲೆ 101ಕ್ಕೆ ಫೋನ್ ಮಾಡಿದ. ಅದು ಹತ್ತನೆಯ ಫೋನು. ಒಬ್ಬರು ಬಕೆಟ್ ನೀರು ತಂದು ಮೀಟರ್ ಬೋರ್ಡಿಗೆ ಎರಚಲು ಹೊರಟಾಗ ಕೈ ಹಿಡಿದು ನಿಲ್ಲಿಸಿ, ಪಕ್ಕದ ಸೈಟಿನವರು ರಸ್ತೆಗೆ ಸುರಿಸಿದ್ದ ಎಂ-ಸ್ಯಾಂಡನ್ನು ಬಾಂಡ್ಲಿಯಲ್ಲಿ ತುಂಬಿ ತುಂಬಿ ಎರಚಿದ. ರಸ್ತೆಗೆ ಮರಳು ಸುರಿದವರ ಮೇಲೆ ನಗರಸಭೆಗೆ ದೂರು ಬರೆದಿದ್ದವನು ನಾನೇ. ತಲಕಾಡು ಮರಳಾಗಲಿ ಎಂದ ಅಲಮೇಲಮ್ಮನಿಗೆ ಆ ರಾತ್ರಿ ಮೊದಲ ಸಲ ಕೈ ಮುಗಿದೆ.

ಆ ಹುಡುಗನಿಗೆ ಇದೆಲ್ಲ ಎಲ್ಲಿಂದ ಬಂತು? ಕಾರ್ಖಾನೆಯಲ್ಲಿ ಸೈರನ್ ಹೊಡೆದರೆ ಮಷೀನು ನಿಲ್ಲಿಸಿ ಬಯಲಿಗೆ ಬಂದು ಸಾಲು ನಿಲ್ಲಬೇಕು, ತಲೆ ಎಣಿಸುತ್ತಾರೆ. ‘ಅಲ್ಲಿ ಡ್ರಿಲ್ ಮಾಡುಸ್ತಾರೆ ಸಾ, ಇಲ್ಲಿ ಮೋಟ್ರು ಆನ್ ಮಾಡೋಕೇ ಜಗ್ಳ,’ ಅಂದ. ಹಗಲು ಎಂಟು ಗಂಟೆ ಕಾನೂನಿನ ಕಾವಲಲ್ಲಿ ಕ್ಷೇಮವಾಗಿರುವ ಮನುಷ್ಯ, ರಾತ್ರಿ ಬಾಡಿಗೆ ಕೊಟ್ಟು ಅಪಾಯದಲ್ಲಿ ಮಲಗುತ್ತಾನೆ. ಅಂದಹಾಗೆ ಮೋಟರಿನ ಜಗಳದಿಂದ ಅಂದು ಓವರ್‌ಹೆಡ್ ಟ್ಯಾಂಕು ಖಾಲಿಯಿತ್ತು. ಮಳೆಗಾಲದಲ್ಲಿ ಕಪಿಲೆ ಉಕ್ಕಿದರೆ ಮಲ್ಲನಮೂಲೆ ಹತ್ತಿರ ಮೈಸೂರು ರಸ್ತೆಯೇ ಮುಳುಗುವ ಊರು ನಮ್ಮದು.

ಫೈರ್ ಇಂಜಿನ್ನು ಬೇಗ ಬಂತು. ಬೀದಿಯ ಬಾಯಿವರೆಗೆ ಬಂತು. ಅಲ್ಲಿಂದ ಮುಂದೆ ಒಂದು ಕಾರು, ಒಂದು ಗೂಡಂಗಡಿ, ತಲೆಗೆ ತಾಗುವ ಕೇಬಲ್ಲು. ಸಿಬ್ಬಂದಿ ಪೈಪು ಹೊತ್ತು ಓಡಿ ಬಂದರು. ದೊಡ್ಡ ಜಾತ್ರೆ ಬಂದಾಗ ನೋಡಿ, ತೇರಿನ ದಾರಿಗೆ ಅಡ್ಡವಾದ ವೈರು ಬಿಚ್ಚುತ್ತಾರೆ, ಅಂಗಡಿಯವರು ತಾವಾಗಿ ಶೀಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಗೌತಮ ರಥಕ್ಕೆ ಒಂದು ಸೈಕಲ್ಲೂ ಅಡ್ಡ ನಿಲ್ಲುವುದಿಲ್ಲ. ಐದು ತೇರು ಸಾಗುವ ಊರಿನಲ್ಲಿ ಒಂದು ಕೆಂಪು ಲಾರಿ ಸಾಗುವುದಿಲ್ಲ. ಅದಕ್ಕೂ ಒಂದು ಕಳಸ ಇಟ್ಟು, ಬಾಳೆಕಂಬ ಕಟ್ಟಿ ಕಳಿಸಿದರೆ ದಾರಿ ಬಿಟ್ಟಾರೇನೋ.

ಬಂದ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, ‘ಒಳಗೆ ಎಷ್ಟು ಜನ ಇದ್ದೀರಿ?’ ಯಾರಿಗೂ ಗೊತ್ತಿಲ್ಲ. ಯಾರ ಮನೆಯಲ್ಲಿ ಎಷ್ಟು ಬಾಡಿಗೆ, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ ಎಲ್ಲ ಗೊತ್ತು, ತಲೆ ಲೆಕ್ಕ ಗೊತ್ತಿಲ್ಲ. ಎಣಿಸಿದಾಗ ಮೊದಲ ಮಹಡಿಯ ಅಜ್ಜಿ ಕಾಣಲಿಲ್ಲ. ಹೋಗಿ ನೋಡಿದರೆ ಬಾಗಿಲು ಹಾಕಿ, ಕೆಳಸಂದಿಗೆ ಒದ್ದೆ ಸೀರೆ ಒತ್ತಿ, ಕಿಟಕಿ ತೆಗೆದು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ. ‘ನಮ್ ಕಾಲ್ದಲ್ಲಿ ಹುಲ್ಲಿನ ಮನೆ ಕಪ್ಪ. ಬ್ಯಾಸ್ಗೇಲಿ ಬೆಂಕಿ ಬೀಳದು ಇದ್ದದ್ದೆ. ಮೊದ್ಲು ಮಕ್ಳು, ಆಮೇಕೆ ಹಸ ಬಿಚ್ಚದು. ಹುಲ್ಲಿನ ಮೆದೆನ ಯಾವ ಮುಂಡೇದೂ ಬಾಗ್ಲು ತಾವ ಒಟ್ತಿರ್ಲಿಲ್ಲ.’ ಆರ್‌ಸಿಸಿಯಲ್ಲಿ ಹುಟ್ಟಿದ ನಾವು ಬಾಗಿಲ ಹತ್ತಿರವೇ ಮೆದೆ ಒಟ್ಟಿಕೊಂಡು, ಅದಕ್ಕೆ ಕರೆಂಟು ಕೊಟ್ಟಿದ್ದೆವು.

ಈ ಅನುಭವದ ಬಲದಿಂದ ಬೆಂಕಿಯ ಬಗ್ಗೆ ಪಂಡಿತನಾಗಿ ನಾನು ಹೋದದ್ದು ತಿ. ನರಸೀಪುರಕ್ಕೆ, ಭಾಮೈದನ ಕಟ್ಟಡದ ಗೃಹಪ್ರವೇಶಕ್ಕೆ. ಕೆಳಗೆ ನಾಲ್ಕು ಅಂಗಡಿ, ಮೇಲೆ ಮೂರು ಮಹಡಿಯಲ್ಲಿ ಎಂಟು ಮನೆ. ಒಂದೇ ಮೆಟ್ಟಿಲು. ಅದರ ಕೆಳಗೆ, ನೀವು ಊಹಿಸಿದ ಹಾಗೆ, ಎಂಟು ಮೀಟರು.

‘ಏನಪ್ಪಾ, ಬೆಂಕಿ ಗಿಂಕಿ ಬಿದ್ರೆ?’ ಅಂದೆ.

‘ಭಾವ, ಎಂಟೂ ಮನೇಲಿ ಅಡುಗೆಮನೆ ಆಗ್ನೇಯಕ್ಕೇ ಕೊಟ್ಟಿವ್ನಿ. ಅಗ್ನಿಗೆ ಅವನ ಮೂಲೆ ಅವನಿಗೆ. ಇನ್ನೇನ್ ಬೇಕಂತೆ?’

ವಾಸ್ತುವಿನವರು ಮೂರು ಸಲ ಬಂದು ಹೋಗಿದ್ದರು. ಎತ್ತರವನ್ನು ಎಂಜಿನಿಯರು ಹುಷಾರಾಗಿ 15 ಮೀಟರಿನ ಒಳಗೇ ಕಟ್ಟಿಸಿದ್ದರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಬಹುಮಹಡಿ, ಫೈರ್‌ನವರ ಕಣ್ಣು ಬೀಳುತ್ತದೆ. ಬೆಂಕಿಯೂ ಟೇಪು ಹಿಡಿದುಕೊಂಡು ಬಂದು, ಹದಿಮೂರು ಮೀಟರು ಕಂಡರೆ ‘ಕ್ಷಮಿಸಿ’ ಅಂತ ವಾಪಸು ಹೋಗುತ್ತದೆ ಎನ್ನುವುದು ನಮ್ಮ ಜಿಲ್ಲೆಯ ಸಣ್ಣ ಊರುಗಳ ನಂಬಿಕೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ 5 ಜನ ಸತ್ತದ್ದು ಇಂಥದೇ ಕಟ್ಟಡದಲ್ಲಿ: ಕೆಳಗೆ ವ್ಯಾಪಾರದ ಸರಕು, ಮೇಲೆ ಸಂಸಾರ. ಗಗನಚುಂಬಿಯಲ್ಲ.

‘ಇನ್ನೊಂದು ಮೆಟ್ಟಿಲು?’ ಅಂದೆ. ಭಾಮೈದ ನಕ್ಕ. ನಾನೇ ಸಮಾಧಾನ ಮಾಡಿಕೊಂಡೆ. ತ್ರಿವೇಣಿ ಸಂಗಮದ ಊರು, ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಮೂರನೆಯ ಸ್ಫಟಿಕ ಸರೋವರ ಗುಪ್ತಗಾಮಿನಿ. ತುರ್ತು ಮೆಟ್ಟಿಲೂ ಹಾಗೇ ಇದ್ದೀತು. ಇಲ್ಲದಿದ್ದರೂ ಚಿಂತೆಯಿಲ್ಲ, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವ ಕ್ಷೇತ್ರ. ಸರ್ಕಾರದ ಐದು ಗ್ಯಾರಂಟಿಯ ಜೊತೆ ಮೋಕ್ಷ ಆರನೆಯದು.

ಒಂದು ಅಗ್ನಿಶಾಮಕ ಸಿಲಿಂಡರು ಮಾತ್ರ ಗೋಡೆಯಲ್ಲಿತ್ತು. ಬ್ಯಾಂಕಿನವರು ಫೋಟೊ ಕೇಳಿದ್ದರಂತೆ. ಅದಕ್ಕೆ ಚೆಂಡುಹೂವಿನ ಹಾರ. ಅರಿಶಿನ ಕುಂಕುಮವನ್ನು ಸರಿಯಾಗಿ ಗಡಿಯಾರದಂಥ ಮೀಟರಿನ ಗಾಜಿನ ಮೇಲೇ ಹಚ್ಚಿದ್ದರು, ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಶ್ರೀಕಂಠೇಶ್ವರನೇ ಹೇಳಬೇಕು. ಪಿನ್ನು ಎಳೆಯುವುದು, ಉರಿಯ ಬುಡಕ್ಕೆ ಹಿಡಿಯುವುದು, ಹಿಡಿ ಒತ್ತಿ ಆಚೀಚೆ ಆಡಿಸುವುದು, ಇಷ್ಟೇ ವಿದ್ಯೆ. ಪುಡಿ ಮುಗಿಯಲು ಅರ್ಧ ನಿಮಿಷವೂ ಬೇಡ, ಆ ಹೊತ್ತಿನಲ್ಲಿ ನಿಂತು ಲೇಬಲ್ ಓದಲಾಗುವುದಿಲ್ಲ. ‘ನಿನಗೆ ಗೊತ್ತಾ ಇದು?’ ಅಂದೆ. ‘ಗೊತ್ತಿರೋರು ಯಾರಾದ್ರೂ ಬತ್ತಾರೆ ಬುಡಿ ಭಾವ.’

ಅಷ್ಟರಲ್ಲಿ ಹೋಮ ಶುರುವಾಯಿತು. ತುಪ್ಪ ಬಿದ್ದ ಹಾಗೆ ಹೊಗೆ ಏರಿತು. ಕಿಟಕಿಗೆ ಗಾಜು ಜಡಿದಿತ್ತು, ಹೊಗೆಗೆ ದಾರಿಯಿಲ್ಲ. ಪುರೋಹಿತರು ಕೆಮ್ಮಿದರು, ಮಗು ಅತ್ತಿತು, ನೂರು ಜನ ನೆಂಟರು ಕಣ್ಣೊರೆಸಿಕೊಂಡು ಒಂದೇ ಮೆಟ್ಟಿಲಿಗೆ ಮುಗಿಬಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಊಟಕ್ಕೆ ಹತ್ತುವವರು, ಮೇಲಿನಿಂದ ಉಸಿರಿಗೆ ಇಳಿಯುವವರು ಡಿಕ್ಕಿಯಾಗಿ, ಒಬ್ಬ ಮುದುಕರು ಬಿದ್ದರು. ಆ ಕಟ್ಟಡದಲ್ಲಿ ಇದುವರೆಗೆ ನಡೆದಿರುವ ಅಗ್ನಿ ಅಣಕು ಪ್ರದರ್ಶನ ಅದೊಂದೇ. ಫಲಿತಾಂಶ ಎಲ್ಲರೂ ನೋಡಿದರು. ನೋಡಿ, ಹೋಳಿಗೆ ಊಟಕ್ಕೆ ಕೂತರು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವೈರಿನ ಕೊಳವೆಯಲ್ಲಿ ಹುಟ್ಟಿದ ಹೊಗೆ ಮೇಲೇರಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನಮ್ಮ ಸೀಮೆಗೆ ಇದಕ್ಕಿಂತ ಹಳೆಯ ಪಾಠವಿದೆ. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲೇ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಮತ್ತೆ ಕಟ್ಟಿಸಿದಾಗ ಕಲ್ಲು, ಕಬ್ಬಿಣ ಹಾಕಿಸಿದರು, 1912ರಲ್ಲಿ ಮುಗಿಯಿತು. ಸುಟ್ಟದ್ದು ಯಾಕೆಂದು ಕೇಳಿಕೊಂಡು ಕಟ್ಟಿದರು. ನಮ್ಮ ಕಟ್ಟಡದಲ್ಲೂ ಬೆಂಕಿಯ ನಂತರ ಕೆಲಸ ನಡೆಯಿತು. ಓನರು ಮಸಿ ಕಾಣದ ಹಾಗೆ ಮೆಟ್ಟಿಲ ಕೆಳಗೆ ಗಾಢ ಕಂದು ಬಣ್ಣ ಹೊಡೆಸಿ, ಬಾಡಿಗೆ ಐನೂರು ಏರಿಸಿದರು.

ಹೊಸ ಚಪ್ಪಲಿ ಸ್ಟ್ಯಾಂಡು ಬಂದಿದೆ, ಈ ಸಲ ಕಬ್ಬಿಣದ್ದು. ಕಾರ್ಖಾನೆಯ ಹುಡುಗ ರೂಮು ಬಿಟ್ಟು ಹೋದ. ತಾರಸಿ ಕೀಲಿ ಇನ್ನೂ ಮೈಸೂರಿನಲ್ಲಿದೆ.