ಬರ್ಗರ್ ತಲೆಯೊಳಗಿನ ಜೈಲು

ಅಮೆರಿಕದ ಮೆಕ್‌ಡೊನಾಲ್ಡ್ಸ್ ಹೋಟೆಲುಗಳಲ್ಲಿ ಮಕ್ಕಳ ಆಟದಂಗಳ ಹಬ್ಬಿದ್ದು 1970ರ ದಶಕದಲ್ಲಿ. ಅಲ್ಲೊಬ್ಬ ಪೊಲೀಸಪ್ಪ ನಿಂತಿರುತ್ತಿದ್ದ, ಆಫೀಸರ್ ಬಿಗ್ ಮ್ಯಾಕ್. ಅವನ ತಲೆಯೇ ಒಂದು ದೊಡ್ಡ ಬರ್ಗರ್. ಏಣಿ ಹತ್ತಿ ಆ ತಲೆಯೊಳಗೆ ನುಗ್ಗಿದ ಮಕ್ಕಳು ಕಂಬಿಗಳ ಹಿಂದೆ ನಿಂತು ಅಪ್ಪ-ಅಮ್ಮನಿಗೆ ಕೈಬೀಸಬಹುದಿತ್ತು. ನನ್ನ ಪ್ರಕಾರ ನಿಜವಾದ ಕೈದಿಗಳು ಕಂಬಿಯ ಒಳಗಿದ್ದವರಲ್ಲ, ಹೊರಗೆ ಬೆಂಚಿನ ಮೇಲಿದ್ದವರು. ಮಗು ಇಳಿಯುವ ತನಕ ಏಳುವಂತಿಲ್ಲ. ಸುಮ್ಮನೆ ಕೂರಲು ಸಂಕೋಚ. ಹಾಗಾಗಿ ಇನ್ನೊಂದು ಕಾಫಿ, ಇನ್ನೊಂದಿಷ್ಟು ಫ್ರೈಸ್. 1979ರಲ್ಲಿ ಆಟಿಕೆ ಸಮೇತದ ಮಕ್ಕಳ ಊಟ ‘ಹ್ಯಾಪಿ ಮೀಲ್’ ದೇಶವಿಡೀ ಬಂದ ಮೇಲಂತೂ ಊಟ ಎಲ್ಲಿ ಎಂಬ ತೀರ್ಮಾನ ಮೂರಡಿ ಎತ್ತರದವರ ಕೈಗೇ ಹೋಯಿತು.

‘ಹಿಮ ಬೀಳುವ ಊರಲ್ಲಿ ಬಿಟ್ಟಿಯಾಗಿ ಆಡುವ ಜಾಗ ಸಿಕ್ಕರೆ ಕೊಂಕೇಕೆ?’ ಎನ್ನಬಹುದು. ಒಪ್ಪೋಣ, ಚಳಿಗಾಲದಲ್ಲಿ ಎಷ್ಟೋ ಮನೆಗಳ ಸೋಫಾ ಉಳಿದದ್ದು ಒಳಾಂಗಣ ಆಟದಂಗಳಗಳ ಪ್ಲಾಸ್ಟಿಕ್ ಕೊಳವೆಗಳ ಪುಣ್ಯದಿಂದ. ಆದರೆ ‘ಬಿಟ್ಟಿ’ ಎಂಬ ಮಾತು ಬೇಡ. ಬಿಲ್ಲಿನಲ್ಲಿ ಜಾರುಬಂಡೆಗೆ ಬೇರೆ ಸಾಲಿಲ್ಲ, ಅಷ್ಟೆ. ಕೊಳಕು ಎಂಬ ದೂರು ಇದ್ದೇ ಇದೆ (ಚೆಂಡುಗಳ ಗುಂಡಿಯ ತಳದಲ್ಲಿ ಒಂಟಿ ಕಾಲುಚೀಲ, ಅರ್ಧ ಕಚ್ಚಿದ ಫ್ರೈಸ್), ಆದರೆ ಆಟದಂಗಳಗಳು ಕಡಿಮೆಯಾಗುತ್ತಿರುವುದು ಅದೊಂದರಿಂದಲೇ ಅಲ್ಲ. ಈಗ ಬಹಳಷ್ಟು ಗಿರಾಕಿಗಳು ಕಾರಿನಿಂದಿಳಿಯದೆ ಪೊಟ್ಟಣ ಹಿಡಿದು ಹೊರಡುತ್ತಾರೆ. ಕೂರುವವರೇ ಇಲ್ಲದ ಅಂಗಡಿಯಲ್ಲಿ ಜಾರುಬಂಡೆಗೆ ಜಾಗವಿಲ್ಲ.