ಅಮೋಯ್ ಬೀದಿಯಲ್ಲಿ ಒಂದು ಕರವಸ್ತ್ರ

ಒಂದು ಊರಿಗೆ ಮತ್ತೊಮ್ಮೆ ಹೋಗುವವನಷ್ಟು ಸರ್ವಜ್ಞ ಇನ್ನೊಬ್ಬನಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೂ ಅಷ್ಟು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹೇಳಿಕೊಳ್ಳುವ ಚಪಲ ಇರುವುದಿಲ್ಲ.

ಈ ಸಲ ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೊರಟಾಗ ಕೇಳಿಸಿಕೊಳ್ಳಲು ಒಬ್ಬ ಹುಡುಗನೂ ಜೊತೆಗಿದ್ದ. ಅರಸೀಕೆರೆಯವನು, ಪಾಸ್‌ಪೋರ್ಟಿನ ಹಾಳೆಗಳಿನ್ನೂ ಗರಿಗರಿ. 1992ರಿಂದ ಚೂಯಿಂಗ್ ಗಮ್ ಮಾರುವಂತಿಲ್ಲ, ಮೆಟ್ರೋದಲ್ಲಿ ದುರಿಯನ್ ಹಣ್ಣು ಒಯ್ಯುವಂತಿಲ್ಲ ಎಂದು ಬಂಗಾಳಕೊಲ್ಲಿಯ ಮೇಲೆಯೇ ಪಾಠ ಮುಗಿಸಿದೆ. ಇಮಿಗ್ರೇಷನ್ ಅಧಿಕಾರಿ ಏನು ಕೇಳಿದರೆ ಏನು ಹೇಳಬೇಕೆಂದು ಬಾಯಿಪಾಠವನ್ನೂ ಮಾಡಿಸಿದೆ. ಚಾಂಗಿಯಲ್ಲಿ ಇಳಿದರೆ ಅಧಿಕಾರಿಯೇ ಇಲ್ಲ. 2024ರಿಂದ ಪರದೇಶದವರಿಗೂ ಯಂತ್ರದ ಗೇಟು. ಠಸ್ಸೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ಹುಡುಗ ಸರಾಗವಾಗಿ ದಾಟಿ ಆಚೆ ನಿಂತ. ನಾನು ಕ್ಯಾಮೆರಾದ ಮುಂದೆ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಕೊನೆಗೆ ಒಳಗೆ ಬಂದೆ. ಹೊರಗಿನ ಬಾಗಿಲು ತೆರೆದದ್ದೇ ತಡ, ಆ ಊರಿನ ಬಿಸಿ ಆವಿ ಕನ್ನಡಕಕ್ಕೆ ಅಡರಿಕೊಂಡಿತು. ಸದ್ಯ, ಅದೊಂದಾದರೂ ನನ್ನ ಗುರುತು ಹಿಡಿಯಿತು.

ಮೀಟಿಂಗಿನ ವಿಷಯ ಬಿಡಿ. ಮಧ್ಯಾಹ್ನ ಊಟಕ್ಕೆ ಅಮೋಯ್ ಸ್ಟ್ರೀಟ್ ಫುಡ್ ಸೆಂಟರಿಗೆ ಹೋದೆವು. ಸುತ್ತಲ ಆಫೀಸುಗಳೆಲ್ಲ ಒಂದೇ ಗಳಿಗೆಗೆ ಅಲ್ಲಿ ಬಂದು ಸುರಿದಿದ್ದವು. ಆ ಊರಿನಲ್ಲಿ ಟೇಬಲ್ ಮೇಲೆ ಟಿಶ್ಯೂ ಪೊಟ್ಟಣವೊಂದನ್ನು ಇಟ್ಟುಬಿಟ್ಟರೆ ಆ ಜಾಗ ಇಟ್ಟವರದು. ‘ಚೋಪ್’ ಮಾಡುವುದು ಅಂತಾರೆ. ಕಾನೂನಲ್ಲ, ಆದರೂ ಯಾರೂ ಮುರಿಯುವುದಿಲ್ಲ. ಕೆಂಪು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ ನಾಡಿನವನಿಗೆ ಇದನ್ನು ಹೇಳಿಕೊಡಬೇಕೆ? ನಮ್ಮಲ್ಲಿ ಟವೆಲಿನ ಜೊತೆಗೆ ಬಾಯಿಯೂ ಜೋರಿರಬೇಕು, ಅಷ್ಟೇ ವ್ಯತ್ಯಾಸ.

ಜೇಬಿನಲ್ಲಿ ಟಿಶ್ಯೂ ಇರಲಿಲ್ಲ. ಕರವಸ್ತ್ರ ಇತ್ತು. ನೀಲಿ ಚೌಕುಳಿಯದು. ಬೆಳಗ್ಗೆ ಇಸ್ತ್ರಿಯ ಗೆರೆಯೊಂದಿಗೆ ಹೊರಟಿದ್ದು, ಅಷ್ಟು ಹೊತ್ತಿಗೆ ಹಣೆ, ಕತ್ತು, ಕನ್ನಡಕ ಎಲ್ಲದರ ಸೇವೆ ಮುಗಿಸಿ ತುಸು ಸೋತಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಟೇಬಲಿನ ನಟ್ಟನಡುವೆ ಪ್ರತಿಷ್ಠಾಪಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕೊಂಚ ಓರೆ ಅನ್ನಿಸಿತು. ತಿದ್ದಿದೆ.

ಟ್ರೇ ಹಿಡಿದ ಹೆಂಗಸೊಬ್ಬರು ಬಂದರು, ನೋಡಿದರು, ಸರಿದು ಹೋದರು.

“ನೋಡಿದೆಯಾ, ಮರ್ಯಾದೆ!” ಎಂದೆ.

ಟೈ ಕಟ್ಟಿದ ಇಬ್ಬರು ಬಂದರು, ಬಗ್ಗಿ ನೋಡಿದರು, ಬಂದದ್ದಕ್ಕಿಂತ ಬೇಗ ಹೋದರು. ಪಕ್ಕದ ಟೇಬಲಿನವನು ತನ್ನ ಬಟ್ಟಲನ್ನು ಮೆಲ್ಲಗೆ ಆಚೆ ಎಳೆದುಕೊಂಡ. ಸ್ಟೂಲುಗಳನ್ನು ನೆಲಕ್ಕೇ ಜಡಿದಿರುತ್ತಾರೆ, ಇಲ್ಲದಿದ್ದರೆ ಅದನ್ನೂ ಎಳೆದುಕೊಳ್ಳುತ್ತಿದ್ದನೇನೋ.

“ಸರ್, ಅವರು ಜಾಗ ಬಿಟ್ಟುಕೊಡ್ತಿಲ್ಲ, ಹೆದರಿ ಹೋಗ್ತಿದಾರೆ” ಎಂದ ಹುಡುಗ.

ಅಷ್ಟರಲ್ಲಿ ಟೇಬಲ್ ಒರೆಸುವ ಮುದುಕರೊಬ್ಬರು ಬಂದು, ಗ್ಲೌಸು ತೊಟ್ಟ ಎರಡೇ ಬೆರಳಿನಲ್ಲಿ ಕರವಸ್ತ್ರದ ತುದಿ ಹಿಡಿದೆತ್ತಿ, ಯಾರೋ ಅರ್ಧ ಕುಡಿದು ಬಿಟ್ಟ ಸಾರಿನ ಬಟ್ಟಲಿಗೆ ಇಳಿಬಿಟ್ಟು, ಟ್ರೇ ಎತ್ತಿಕೊಂಡು ನಡೆದೇಬಿಟ್ಟರು. “ಅಂಕಲ್! ಅಂಕಲ್!” ಎನ್ನುತ್ತ ನಾನೂ ಓಡಿದೆ. ಕ್ಯೂನಲ್ಲಿದ್ದ ನಾಲ್ಕಾರು ಅಂಕಲ್‌ಗಳು ತಿರುಗಿ ನೋಡಿದರು. ಟ್ರೇ ಇಡುವ ಕಡೆ ಹಲಾಲ್‌ಗೆ ಬೇರೆ, ಉಳಿದದ್ದಕ್ಕೆ ಬೇರೆ ಎಂದು ಕಪಾಟುಗಳು. ನನ್ನ ಕರವಸ್ತ್ರ ಯಾವ ಮತಕ್ಕೆ ಸೇರಿತೆಂದು ಎರಡರಲ್ಲೂ ತಡಕಾಡಿದೆ. ಸಿಕ್ಕಿತು. ಮೆಣಸಿನಕಾಯಿಯ ಬೀಜ, ಈರುಳ್ಳಿ ಸೊಪ್ಪು, ಅರ್ಧ ಮೀನಿನುಂಡೆ ಸಮೇತ.

ಮುದುಕರು ನನ್ನನ್ನೂ ಅದನ್ನೂ ನೋಡಿ, ನಗದೆ, ಜೇಬಿನಿಂದ ಟಿಶ್ಯೂ ಪೊಟ್ಟಣವೊಂದನ್ನು ತೆಗೆದುಕೊಟ್ಟರು. ದುಡ್ಡು ಕೊಡಹೋದರೆ ಕೈಯಾಡಿಸಿ ಮುಂದಿನ ಟೇಬಲಿಗೆ ಹೋದರು. ಗ್ಲೌಸಿನೊಳಗೂ ಆ ಬೆರಳು ನಡುಗುತ್ತಿದ್ದದ್ದು ಕಾಣುತ್ತಿತ್ತು. ನಮ್ಮಪ್ಪ ಇದ್ದಿದ್ದರೆ ಅದೇ ವಯಸ್ಸು. ತಿಂದವರೇ ಟ್ರೇ ಎತ್ತಿಡಬೇಕು, ಎಚ್ಚರಿಕೆ ಕೊಟ್ಟ ಮೇಲೂ ಎತ್ತದಿದ್ದರೆ 300 ಡಾಲರ್ ದಂಡ ಎಂದು 2021ರಿಂದ ಕಾನೂನೇ ಇದೆ. ಆದರೂ ಒರೆಸುವವರು ಬೇಕು, ಒರೆಸುವವರು ಬಹುಪಾಲು ಹೀಗೆ ತಲೆ ನರೆತವರು. ‘ಎಂಥಾ ಸ್ವಚ್ಛ ಊರು ರೀ’ ಎಂದು ಊರಿಗೆ ಮರಳಿ ಬೊಗಳೆ ಬಿಡುವ ನನ್ನಂಥವರ ಬಾಯಲ್ಲಿ ಇವರ ಸುದ್ದಿ ಬಂದದ್ದನ್ನು ನಾನಂತೂ ಕೇಳಿಲ್ಲ.

ವಾಪಸ್ ಬಂದರೆ ಹಳೆಯ ಟೇಬಲ್ ಯಾರದೋ ಆಗಿತ್ತು. ಹುಡುಗ ಇನ್ನೊಂದು ಹಿಡಿದಿದ್ದ. ಹೇಗೆ? ಕಂಪನಿ ಕೊಟ್ಟ ಫೋನನ್ನೇ ಅದರ ಮೇಲೆ ಮಲಗಿಸಿ, ಶಾವಿಗೆಯ ಕ್ಯೂಗೆ ಹೋಗಿ ನಿಂತಿದ್ದ! ನನ್ನ ಎದೆ ಧಸಕ್ಕೆಂದಿತು. ಕಳೆದರೆ ಬೆಂಗಳೂರಿನ ಆಫೀಸಿನವರಿಗೆ ಉತ್ತರ ಬರೆಯಬೇಕಾದವನು ನಾನು. ಟ್ಯಾಕ್ಸಿಯ ಬಿಲ್ಲಿನಲ್ಲಿ ತಾರೀಕು ಅಳಿಸಿದೆ ಎಂದು ವಾರಗಟ್ಟಲೆ ಗೋಳು ಹುಯ್ದುಕೊಳ್ಳುವ ಜನ ಅವರು. ಕೈಕಟ್ಟಿ ಫೋನಿನ ಪಕ್ಕದಲ್ಲೇ ಕಾವಲು ನಿಂತೆ. ಟ್ರೇ ಹಿಡಿದ ಜನ ಬಂದರು, ಫೋನು ನೋಡಿದರು, ನನ್ನನ್ನು ನೋಡಿದರು, ಹೋದರು.

ಹುಡುಗ ಎರಡು ಬಟ್ಟಲು ತಂದಿಟ್ಟ.

“ಇಲ್ಲೇ ಇದ್ರಾ ಸರ್? ಹಾಗಾದ್ರೆ ಒಳ್ಳೇದಾಯ್ತು ಬಿಡಿ, ಕಾಫಿ ತಂದುಬಿಡ್ತೀನಿ” ಎಂದವನೇ ಫೋನೆತ್ತಿ ಜೇಬಿಗಿಳಿಸಿಕೊಂಡು, ಟೇಬಲ್ ಮೇಲೆ ನನ್ನನ್ನಿಟ್ಟು ಹೋದ.