ದಿಲ್ಲಿಯಲ್ಲಿ ಘೋಷಣೆ, ಸೋಗಾನೆಯಲ್ಲಿ ವಿಸ್ತರಣೆ

2024ರ ಸೆಪ್ಟೆಂಬರ್. ಏಷ್ಯಾ-ಪೆಸಿಫಿಕ್ ದೇಶಗಳ ವಿಮಾನಯಾನ ಸಚಿವರು ದಿಲ್ಲಿಯಲ್ಲಿ ಎರಡು ದಿನ ಸೇರಿದರು. ಆಕಾಶದ ಸುರಕ್ಷತೆಗೆ ಎಲ್ಲರೂ ಕೈಜೋಡಿಸುತ್ತೇವೆ ಅಂದರು. ‘ದಿಲ್ಲಿ ಘೋಷಣೆ’ ಹೊರಬಿತ್ತು. ಚಪ್ಪಾಳೆಯೂ ಬಿತ್ತು.

ಅದೇ ತಿಂಗಳು ನಮ್ಮ ಪಕ್ಕದ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಲೈಸೆನ್ಸ್ ಮುಗಿಯಿತು. ಸುರಕ್ಷತೆಯ ಕೊರತೆ ನೀಗಿಲ್ಲ ಎಂದು ವಿಮಾನಯಾನದ ಉಸ್ತುವಾರಿ ಸಂಸ್ಥೆ ಡಿಜಿಸಿಎ ಒಂದೇ ತಿಂಗಳ ವಿಸ್ತರಣೆ ಕೊಟ್ಟಿತು. ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಕಮಲದಾಕಾರದ ಟರ್ಮಿನಲ್ ಮೊದಲು. ರಾತ್ರಿ ಇಳಿಯುವ ವ್ಯವಸ್ಥೆ ಆಮೇಲೆ ನೋಡೋಣ. ಮಲೆನಾಡಿನಲ್ಲಿ ಮಳೆ ಹೊಯ್ಯುತ್ತದೆ, ಮೋಡ ಕವಿಯುತ್ತದೆ ಅನ್ನುವುದನ್ನು ದಿಲ್ಲಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಎನ್.ಆರ್.ಪುರದವರಿಗೆ ವಿಮಾನದ ಉಸಾಬರಿ ಯಾಕೆ ಅಂತೀರಾ? ಇಲ್ಲಿಯ ಮಕ್ಕಳೂ ಗಲ್ಫಿನಲ್ಲಿ ದುಡಿಯುತ್ತಾರೆ ಸ್ವಾಮಿ. ಊರಿಗೆ ಬರುವಾಗ ಮಂಗಳೂರಿನ ಬಜಪೆಯಲ್ಲಿ ಇಳಿಯುತ್ತಾರೆ.

ಆ ಬಜಪೆಯಲ್ಲಿ 2010ರ ಮೇ 22ರ ಬೆಳಗ್ಗೆ ದುಬೈ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. ಸತ್ತವರು 158. ಉಳಿದವರು ಎಂಟು ಜನ. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ತನಿಖೆಯವರಿಗೆ ಏನು ಕೇಳಿಸಿತು ಗೊತ್ತೇ? ಕ್ಯಾಪ್ಟನ್ನರ ಗೊರಕೆ. ಎದ್ದವರಿಗೆ ನಿದ್ದೆಯ ಮಂಪರು ಇಳಿದಿರಲಿಲ್ಲ. ಮತ್ತೆ ಮೇಲೇರಿಸಿ ಎಂದು ಸಹ ಪೈಲಟ್ ಹೇಳಿದ್ದೂ ದಾಖಲಾಗಿದೆ. ರನ್‌ವೇ ಆಚೆ ಆಂಟೆನಾಕ್ಕೆ ಕಟ್ಟಿದ್ದ ಕಾಂಕ್ರೀಟು ವಿಮಾನದ ರೆಕ್ಕೆಗೆ ಕಾದಿತ್ತು.

ತನಿಖೆ ಆಯಿತು. ವರದಿ ಬಂತು. ಸಲಹಾ ಸಮಿತಿಯೂ ಆಯಿತು. ಆ ಸಮಿತಿಯಲ್ಲಿದ್ದ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರಲ್ಲೇ ಕೋಯಿಕ್ಕೋಡಿನ ರನ್‌ವೇ ಬಗ್ಗೆ ಎಚ್ಚರಿಸಿದರು. ಕಾಗದ ಫೈಲಿನಲ್ಲಿ ಭದ್ರವಾಗಿತ್ತು. 2020ರ ಆಗಸ್ಟ್ 7ರ ಮಳೆಯಲ್ಲಿ ಅಲ್ಲೇ ಇನ್ನೊಂದು ದುಬೈ ವಿಮಾನ ಜಾರಿತು. 21 ಜನ ಹೋದರು.

ಸಹಕಾರಕ್ಕೇನೂ ಬರವಿಲ್ಲ. ದಕ್ಷಿಣ ಏಷ್ಯಾದ ದೇಶಗಳು ‘ಕಾಸ್ಕ್ಯಾಪ್’ ಎಂಬ ಜಂಟಿ ಯೋಜನೆ ಹಾಕಿಕೊಂಡು ಎರಡು ದಶಕ ದಾಟಿತು. ಒಂದು ದೇಶದಲ್ಲಿ ಇನ್ಸ್‌ಪೆಕ್ಟರ್‌ಗಳು ಸಾಲದಿದ್ದರೆ ತಜ್ಞರನ್ನು ಹಂಚಿಕೊಳ್ಳುವುದು, ಒಟ್ಟಿಗೆ ತರಬೇತಿ ಕೊಡುವುದು. ಯೋಚನೆ ಒಳ್ಳೆಯದೇ. ಆದರೆ ಹಂಚಲು ಮನೆಯಲ್ಲಿ ಏನಾದರೂ ಇರಬೇಕಲ್ಲ? 2014ರ ಜನವರಿಯಲ್ಲಿ ಅಮೆರಿಕ ನಮ್ಮ ಉಸ್ತುವಾರಿಯನ್ನೇ ಎರಡನೇ ದರ್ಜೆಗೆ ಇಳಿಸಿತು. ತರಬೇತಾದ ಇನ್ಸ್‌ಪೆಕ್ಟರ್‌ಗಳ ಕೊರತೆಯೂ ಒಂದು ಕಾರಣ. ಮರುವರ್ಷ ದರ್ಜೆ ವಾಪಸ್ ಬಂತು. ಪಾಠ ಅಲ್ಲಿಗೆ ಮುಗಿಯಿತು.

ಈ ಶೃಂಗಸಭೆಗಳು ನಮ್ಮ ಸೊಸೈಟಿಯ ವಾರ್ಷಿಕ ಮಹಾಸಭೆಯ ಹಾಗೇ. ಆಡಿಟ್ ವರದಿ ಓದಿದಂತೆ ಭಾವಿಸುವುದು, ಊಟಕ್ಕೆ ಏಳುವುದು. ಘೋಷಣೆಯಾಗಿ ಆರು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಸಂಸದೀಯ ಸಮಿತಿ ಲೆಕ್ಕ ಬಿಚ್ಚಿತು. ಡಿಜಿಸಿಎಯಲ್ಲಿ ಅರ್ಧಕ್ಕೂ ಹೆಚ್ಚು ಹುದ್ದೆ ಖಾಲಿ! ನೆರೆಯವರಿಗೆ ಉಸ್ತುವಾರಿ ಕಲಿಸಲು ಹೊರಟ ಮನೆಯ ಕಥೆ ಇದು. ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಜನ ಸತ್ತರು. ಮತ್ತೆ ತನಿಖೆ, ಮತ್ತೆ ಸಂತಾಪ.

ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡುವ ನಿಯಮ ಬರೆದಿದ್ದು 2024ರ ಜನವರಿಯಲ್ಲಿ. ಕೋರ್ಟು ಮೆಟ್ಟಿಲು ಹತ್ತಿಳಿದು ಅದು ಪೂರ್ತಿ ಜಾರಿಯಾಗುವ ಹೊತ್ತಿಗೆ 2025ರ ನವೆಂಬರ್. ಅಷ್ಟರಲ್ಲೂ ಇಂಡಿಗೊ ಸಾಕಷ್ಟು ಪೈಲಟ್‌ಗಳನ್ನು ಅಣಿ ಮಾಡಿಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದು. ಬೆಂಗಳೂರಿನಲ್ಲಿ ಜನ ಸೂಟ್‌ಕೇಸಿಗೆ ತಲೆಯಿಟ್ಟು ಮಲಗಿದರು. ಡಿಜಿಸಿಎ ಏನು ಮಾಡಿತು? ರಾತ್ರಿಪಾಳಿಯ ನಿಯಮವನ್ನೇ 2026ರ ಫೆಬ್ರವರಿ 10ರವರೆಗೆ ಇಂಡಿಗೊಗೆ ಸಡಿಲಿಸಿತು. ಗೊರಕೆಗೆ ಸರ್ಕಾರಿ ಪರವಾನಗಿ.

ಜನ ಬೈದರು ಅಂತ ಶಿಸ್ತುಕ್ರಮವೂ ಆಯಿತು. ಇನ್ಸ್‌ಪೆಕ್ಟರ್‌ಗಳೇ ಇಲ್ಲ ಎಂದು ಅಳುವ ಡಿಜಿಸಿಎ, ಇದ್ದವರಲ್ಲಿ ನಾಲ್ವರನ್ನು ಮನೆಗೆ ಕಳಿಸಿತು.